ಮನೆಗೆ ಕಳಿಸಿದ ದುಡ್ಡು ದಂಡಾನಾ?

ಓದುಗರ ಪತ್ರ: ಹೊರದೇಶದಲ್ಲಿ ದುಡಿಯೋರು ಕಳಿಸೋ ಹಣದಿಂದ ಊರು ಉದ್ಧಾರ ಆಗುತ್ತೆ ಅನ್ನೋದು ಬರೀ ಭ್ರಮೆ. ಮನೆ ಕಟ್ಟಿ, ಟಿವಿ ತಂದು ಎಲ್ಲ ದಂಡ ಮಾಡ್ತಾರೆ, ಮನೇಲಿರೋರು ಸೋಮಾರಿಗಳಾಗ್ತಾರೆ. ಆದಾಯ ಏರಿದೆ ಅನ್ನೋದು ಅಂಕಿಗಳ ಆಟ ಅಲ್ವೇ?

ಸಂಪಾದಕರ ಉತ್ತರ: ಒಳ್ಳೆ ಜಗಳ ತೆಗೆದ್ರಿ ಸಾರ್, ಥ್ಯಾಂಕ್ಸ್. ಅಂಕಿಗಳ ಆಟ ಅನ್ನೋದ್ರಲ್ಲಿ ಸ್ವಲ್ಪ ನಿಜ ಇದೆ. ಬಂದ ಹಣ ಅಷ್ಟೂ ಲಾಭ ಅಲ್ಲ, ಆ ಮನುಷ್ಯ ಊರಲ್ಲೇ ಇದ್ದಿದ್ರೂ ಏನೋ ಒಂದಿಷ್ಟು ದುಡೀತಿದ್ದ, ಅದನ್ನ ಕಳೀಬೇಕು. ಮಧ್ಯ ಅಮೆರಿಕದ ನಿಕರಾಗುವಾ ದೇಶದ ಬ್ಲೂಫೀಲ್ಡ್ಸ್ ಅನ್ನೋ ಊರಲ್ಲಿ ಬಾರ್ಹಮ್ ಮತ್ತು ಬೌಚರ್ ಅನ್ನೋ ಅರ್ಥಶಾಸ್ತ್ರಜ್ಞರು ಹಾಗೆ ಕಳೆದೇ ನೋಡಿದ್ರು, 1998ರಲ್ಲಿ ಪ್ರಕಟ ಆಯ್ತು. ಸುಮ್ನೆ ಕೂಡಿಸಿದ್ರೆ ಅಸಮಾನತೆ ಇಳಿದಂಗೆ ಕಾಣ್ತಿತ್ತು, ಕಳೆದು ನೋಡಿದ್ರೆ ಏರಿತ್ತು. ತೀರಾ ಬಡವರಿಗಂತೂ ಹೊರಡೋಕೇ ದುಡ್ಡಿರಲ್ಲ. ಇಷ್ಟು ಮಾರ್ಕ್ಸ್ ನಿಮಗೆ.

ಆದ್ರೆ ‘ದಂಡ’ ಅಂದ್ರಲ್ಲ, ಅದು ನಂಗೆ ಹಿಡಿಸಲ್ಲ. ಮನೆ ಕಟ್ಟಿದ್ರೆ ದುಡ್ಡೇನು ಗಾಳೀಲಿ ಹೋಯ್ತಾ? ಗಾರೆಯವನಿಗೆ, ಬಡಗಿಗೆ, ಮರಳು ಹೊಡೆಯೋ ಲಾರಿಯವನಿಗೆ ಹೋಯ್ತು, ಅವರ ಮನೆಯಿಂದ ಯಾರೂ ವಿದೇಶಕ್ಕೆ ಹೋಗಿಲ್ದೇ ಇದ್ರೂ ಅವರ ಆದಾಯಾನೂ ಏರ್ತು. ಇದು ಕಳಿಸಿದವನ ಪಾಸ್‌ಬುಕ್‌ನಲ್ಲಿ ಕಾಣಲ್ಲ ಅಷ್ಟೇ.

ಫಿಲಿಪೀನ್ಸ್ ಕಥೆ ಕೇಳಿ. 1997ರ ಏಷ್ಯಾ ಹಣಕಾಸು ಬಿಕ್ಕಟ್ಟಲ್ಲಿ ಅಲ್ಲಿನ ನಾಣ್ಯ ಪೆಸೊದ ಬೆಲೆ ಬಿತ್ತು, ಆದ್ರೆ ಅಲ್ಲಿನವರು ದುಡೀತಿದ್ದದ್ದು ಬೇರೆ ಬೇರೆ ದೇಶಗಳಲ್ಲಿ, ಆ ದೇಶಗಳ ನಾಣ್ಯಗಳೂ ಒಂದೊಂದು ಥರ ಏರಿಳಿದ್ವು, ಹಂಗಾಗಿ ಕೆಲವರು ಕಳಿಸಿದ ಹಣಕ್ಕೆ ಮನೇಲಿ ಜಾಸ್ತಿ ಪೆಸೊ ಸಿಕ್ತು, ಕೆಲವರದ್ದಕ್ಕೆ ಕಮ್ಮಿ, ಇದರಲ್ಲಿ ಯಾರ ಜಾಣತನಾನೂ ಇಲ್ಲ, ಬರೀ ಅದೃಷ್ಟ. ಡೀನ್ ಯಾಂಗ್ ಅನ್ನೋ ಅರ್ಥಶಾಸ್ತ್ರಜ್ಞ ಈ ಮನೆಗಳನ್ನ ಹೋಲಿಸಿ ನೋಡಿದ್ರು. ಜಾಸ್ತಿ ಸಿಕ್ಕ ಮನೆಗಳಲ್ಲಿ ಮಕ್ಕಳು ಶಾಲೇಲಿ ಉಳಿದ್ರು, ಮಕ್ಕಳ ದುಡಿಮೆ ಇಳೀತು, ಸ್ವಂತ ಉದ್ಯೋಗಕ್ಕೆ ಕೈ ಹಾಕಿದವರೂ ಇದ್ರು. ಆಡಮ್ಸ್ ಮತ್ತು ಪೇಜ್ ಅನ್ನೋ ಸಂಶೋಧಕರು 2005ರಲ್ಲಿ 71 ದೇಶಗಳನ್ನ ನೋಡಿ, ತಲಾ ಹಣ ರವಾನೆ 10% ಏರಿದ್ರೆ ಬಡವರ ಪ್ರಮಾಣ ಸುಮಾರು 3.5% ಇಳಿಯುತ್ತೆ ಅಂದ್ರು.

ಸೋಮಾರಿತನಾನಾ? ಮಗ ಕಳಿಸ್ತಾನೆ ಅಂತ ವಯಸ್ಸಾದ ತಾಯಿ ಕೂಲಿಗೆ ಹೋಗೋದು ಬಿಟ್ರೆ ಅದಕ್ಕೆ ನಾನಂತೂ ಆ ಹೆಸರು ಇಡಲ್ಲ. ಸಂಬಳದವರು ಕಾರ್ ತಗೊಂಡ್ರೆ ಯಾರೂ ಪತ್ರ ಬರೆಯಲ್ಲ, ವಲಸೆ ಕೂಲಿಯವನು ಟಿವಿ ತಂದ್ರೆ ಮಾತ್ರ ಎಲ್ರಿಗೂ ದೇಶದ ಚಿಂತೆ!

ನಿಮ್ಮ ಸಿಟ್ಟನ್ನ ಈ ಕಡೆ ತಿರುಗಿಸಿ. ವಿಶ್ವಬ್ಯಾಂಕ್ ಅಂದಾಜಲ್ಲಿ 2023ರಲ್ಲಿ ಬಡ, ಮಧ್ಯಮ ಆದಾಯದ ದೇಶಗಳಿಗೆ ಹೀಗೆ ಬಂದಿದ್ದು 650 ಬಿಲಿಯನ್ ಡಾಲರ್‌ಗಿಂತ ಜಾಸ್ತಿ. ವಿದೇಶಿ ವಿನಿಮಯ ತುಂಬ್ತು ಅಂತ ಸರ್ಕಾರಗಳು ಬೀಗ್ತಾವೆ. ಆದ್ರೆ 200 ಡಾಲರ್ ಕಳಿಸೋಕೆ ಸರಾಸರಿ 12 ಡಾಲರ್‌ಗಿಂತ ಮೇಲೆ ಕಮಿಷನ್ ಅಂತ ದಾರೀಲೇ ಹೋಗುತ್ತೆ. 2030ರೊಳಗೆ ಇದನ್ನ 3%ಗಿಂತ ಕೆಳಗೆ ಇಳಿಸ್ತೀವಿ ಅಂತ ವಿಶ್ವಸಂಸ್ಥೇಲಿ ಎಲ್ರೂ ಒಪ್ಪಿದ್ರು, ಈಗಲೂ ಅದರ ಡಬಲ್ ಇದೆ. ಅದರ ಮೇಲೆ ಹೊರದೇಶದ ಕೆಲಸ ಕೊಡಿಸೋ ಏಜೆಂಟ್‌ಗೆ ಕೊಡೋಕೆ ಮಾಡಿದ ಸಾಲ ಬೇರೆ, ಎಷ್ಟೋ ಜನರ ಮೊದಮೊದಲ ಸಂಬಳ ಬಡ್ಡಿಗೇ ಹೋಗುತ್ತೆ. ಆ ಕಮಿಷನ್ ಬಗ್ಗೆ ಒಂದು ಪತ್ರ ಬರೀರಿ ಸಾರ್, ಒಂದಕ್ಷರ ಕತ್ತರಿಸದೆ ಹಾಕ್ತೀನಿ.