ಬರೆದದ್ದು ಬಾಯಿಗೆ ಬರಬೇಕಾದರೆ
ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾಲೇಜು ವಿದ್ಯಾರ್ಥಿಗಳಿಗೆ ಜರ್ನಲ್ (ತಮ್ಮ ದಿನದ ಅನುಭವ ಬರೆಯುವ ಪುಸ್ತಕ) ಬರೆಸಿ, ಪ್ರಾಜೆಕ್ಟ್ ಮಾಡಿಸಿ ಇಂಗ್ಲಿಷ್ ಮಾತು ಕಲಿಸುವ ಬಗ್ಗೆ ಮಂಗಳೂರು, ಉಡುಪಿ ಕಡೆಯಿಂದ ಬಂದ ಪತ್ರಗಳಿಗೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಬಿ.ಕಾಂ. ತರಗತಿಯಲ್ಲಿ 60 ಮಂದಿ ಇದ್ದಾರೆ. ವಾರಕ್ಕೊಮ್ಮೆ ಜರ್ನಲ್ ಬರೆಸುತ್ತೇನೆ. ತಿದ್ದಿ ತಿದ್ದಿ ನನಗೆ ಸಾಕಾಗಿದೆ, ಅವರು ಬರೆಯುವುದು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಾ ಉಂಟು. ಏನು ಮಾಡಲಿ?
– ಇಂಗ್ಲಿಷ್ ಉಪನ್ಯಾಸಕಿ, ಉಡುಪಿ

ಉತ್ತರ: ತಿದ್ದುವುದನ್ನು ಬಿಟ್ಟುಬಿಡಿ ಮೇಡಂ, ಉತ್ತರ ಬರೆಯಿರಿ. ಪುಟದ ತುಂಬ ಕೆಂಪು ಗುರುತು ಕಂಡ ವಿದ್ಯಾರ್ಥಿ ಮುಂದಿನ ವಾರ ಆ ತಪ್ಪನ್ನು ತಿದ್ದಿಕೊಂಡು ಬರುವುದಿಲ್ಲ. ತಪ್ಪಾಗುವ ಸಾಧ್ಯತೆ ಇರುವ ವಾಕ್ಯವನ್ನೇ ಬಿಡುತ್ತಾನೆ. ಬೆಳಿಗ್ಗೆ ಎದ್ದೆ, ಹಲ್ಲುಜ್ಜಿದೆ, ಬಸ್ ಹತ್ತಿದೆ, ಕಾಲೇಜಿಗೆ ಬಂದೆ ಎಂಬ ನಾಲ್ಕು ವಾಕ್ಯಗಳಿಗೆ ಜರ್ನಲ್ ಇಳಿಯುವುದು ಹೀಗೆ. ಅದರಲ್ಲಿ ತಪ್ಪಿಲ್ಲ, ಮಾತಾಡುವಂಥದ್ದೂ ಏನಿಲ್ಲ.

ಉತ್ತರ ಬರೆಯುವುದೆಂದರೆ ಮೂರು ಸಾಲು, ಅಷ್ಟೇ. ಒಂದು ಸಾಲು ಅವನು ಹೇಳಿದ ವಿಷಯದ ಬಗ್ಗೆ. ಒಂದು ಸಾಲಿನಲ್ಲಿ ಅವನ ತಪ್ಪು ವಾಕ್ಯವನ್ನೇ ನೀವು ಸರಿಯಾಗಿ ಬಳಸಿ ತೋರಿಸಬೇಕು, ಅದು ತಪ್ಪು ಎಂದು ಹೇಳದೆ. ಕೊನೆಯದು ನಿಮಗೆ ನಿಜವಾಗಿ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ. ಒಂದು ಮಾದರಿ ನೋಡಿ. ವಿದ್ಯಾರ್ಥಿ ಬರೆದದ್ದು: ‘ಮೈ ಫಾದರ್ ಈಸ್ ವರ್ಕಿಂಗ್ ಇನ್ ಮಲ್ಪೆ ಬೋಟ್ ಫ್ರಮ್ ಟೆನ್ ಇಯರ್ಸ್. ಇನ್ ರೇನಿ ಸೀಸನ್ ಹಿ ಈಸ್ ಇನ್ ಹೌಸ್ ಓನ್ಲಿ.’ ನೀವು ಬರೆಯಬಹುದಾದದ್ದು: ‘ಸೋ ಹಿ ಹ್ಯಾಸ್ ಬೀನ್ ವರ್ಕಿಂಗ್ ಆನ್ ಎ ಬೋಟ್ ಫಾರ್ ಟೆನ್ ಇಯರ್ಸ್! ದಟ್ ಈಸ್ ಹಾರ್ಡ್ ವರ್ಕ್. ವಾಟ್ ಡಸ್ ಹಿ ಡೂ ಅಟ್ ಹೋಮ್ ಇನ್ ಜೂನ್ ಆಂಡ್ ಜುಲೈ?’ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಆ ಮನೆಯಲ್ಲಿ ಏನು ನಡೆಯುತ್ತದೆ ಎಂದು ಹುಡುಗನಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಮುಂದಿನ ವಾರದ ಅರ್ಧ ಪುಟ ಅಲ್ಲಿಂದಲೇ ಬರುತ್ತದೆ. ‘ಫಾರ್ ಟೆನ್ ಇಯರ್ಸ್’ ಎಂಬುದನ್ನೂ ಅವನು ನಿಮ್ಮಿಂದ ಎತ್ತಿಕೊಳ್ಳುತ್ತಾನೆ. ಒಂದೇ ಸಲಕ್ಕಲ್ಲ, ನಾಲ್ಕೈದು ಸಲ ಕಣ್ಣಿಗೆ ಬಿದ್ದ ಮೇಲೆ.

60 ಪುಸ್ತಕಗಳನ್ನು ಒಂದೇ ದಿನ ಹೊತ್ತುಕೊಂಡು ಹೋಗಬೇಡಿ. 12 ಮಂದಿಯ ಐದು ಗುಂಪು ಮಾಡಿ, ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಗುಂಪಿನ ಪುಸ್ತಕ ತೆಗೆದುಕೊಳ್ಳಿ. ಒಂದಕ್ಕೆ ಮೂರು ನಿಮಿಷ ಎಂದರೂ ದಿನಕ್ಕೆ 36 ನಿಮಿಷ. ಇಡೀ ತರಗತಿ ಒಂದೇ ತಪ್ಪು ಮಾಡುತ್ತಿದ್ದರೆ ಮಾತ್ರ ಹೆಸರು ಹೇಳದೆ ಬೋರ್ಡಿನಲ್ಲಿ ಬರೆದು ಐದು ನಿಮಿಷ ವಿವರಿಸಿ.

ಬರೆಯುವುದು ತರಗತಿಯಲ್ಲೇ ನಡೆಯಲಿ, ಗಡಿಯಾರ ನೋಡಿ ಹತ್ತು ನಿಮಿಷ. ರಬ್ಬರ್ ಇಲ್ಲ, ಡಿಕ್ಷನರಿ ಇಲ್ಲ. ಪದ ಸಿಗದಿದ್ದಲ್ಲಿ ಕನ್ನಡದ್ದೋ ತುಳುವಿನದ್ದೋ ಬರೆದು ಅಡಿಗೆರೆ ಎಳೆದು ಮುಂದೆ ಹೋಗಲಿ. ಮೊದಲ ತಿಂಗಳು 80 ಪದ ಬಂದರೆ ಧಾರಾಳ. ಬಲಪುಟದಲ್ಲಿ ಮಾತ್ರ ಬರೆಸಿ. ಎಡಪುಟ ನಿಮ್ಮ ಉತ್ತರಕ್ಕೂ, ಮುಂದಿನ ಪ್ರಶ್ನೆಯಲ್ಲಿ ಹೇಳುವ ಕೆಲಸಕ್ಕೂ ಬೇಕು. ಲ್ಯಾಬ್ ರೆಕಾರ್ಡಿನ ಹಾಗೆ ಚೆಂದಕ್ಕೆ ಬರೆದು ಸಹಿ ಹಾಕಿಸಿಕೊಳ್ಳುವ ಪುಸ್ತಕ ಇದಲ್ಲ ಎಂದು ಮೊದಲ ದಿನವೇ ಹೇಳಿಬಿಡಿ.

ಪ್ರಶ್ನೆ: ಜರ್ನಲ್ ಚೆನ್ನಾಗಿ ಬರೆಯುತ್ತೇನೆ. ಆದರೆ ಅದನ್ನೇ ಹೇಳಲು ನಿಂತರೆ ಬಾಯಿ ಕಟ್ಟುತ್ತದೆ. ಬರೆದದ್ದು ಯಾಕೆ ಬಾಯಿಗೆ ಬರುವುದಿಲ್ಲ?
– ಎಂ.ಎ. ವಿದ್ಯಾರ್ಥಿ, ಕೊಣಾಜೆ

ಉತ್ತರ: ಬರೆಯುವಾಗ ಕಾಯಲು ಸಮಯ ಇರುತ್ತದೆ, ಮಾತಿನಲ್ಲಿ ಇರುವುದಿಲ್ಲ. ಎಷ್ಟು ಪುಟ ಬರೆದರೂ ಬರಹ ತಾನಾಗಿ ಮಾತಾಗುವುದಿಲ್ಲ, ನಡುವೆ ಇನ್ನೊಂದು ಕೆಲಸ ಬೇಕು. ಹೆಚ್ಚಿನ ಕಾಲೇಜುಗಳಲ್ಲಿ ಜರ್ನಲ್ ಸೋಲುವುದು ಇಲ್ಲಿಯೇ ಎಂದು ನಾವು ತಿಳಿದಿದ್ದೇವೆ. ಬರೆಸುತ್ತಾರೆ, ಆಮೇಲೆ ಎದ್ದು ನಿಂತು ಓದಲು ಹೇಳುತ್ತಾರೆ. ಓದುವುದು ಮಾತಲ್ಲ.

ಹೀಗೆ ಮಾಡಿ. ಬರೆದ ಪುಟದಿಂದ ಐದು ಪದ ಆರಿಸಿ ಎಡಪುಟದ ಮೇಲ್ಗಡೆ ಬರೆದುಕೊಳ್ಳಿ. ವಾಕ್ಯ ಬೇಡ, ಪದ ಮಾತ್ರ. ಬಲಪುಟ ಮಡಚಿ. ಗೆಳೆಯರೊಬ್ಬರಿಗೆ ಅದೇ ವಿಷಯವನ್ನು ನಾಲ್ಕು ನಿಮಿಷ ಹೇಳಿ. ಬಳಿಕ ಬೇರೆಯವರಿಗೆ ಅದನ್ನೇ ಮೂರು ನಿಮಿಷದಲ್ಲಿ, ಮೂರನೆಯವರಿಗೆ ಎರಡು ನಿಮಿಷದಲ್ಲಿ. 1983ರಲ್ಲಿ ಕೀತ್ ಮಾರಿಸ್ ಎಂಬವರು ಸೂಚಿಸಿದ, ಆಮೇಲೆ ಭಾಷಾ ಬೋಧನೆಯ ತಜ್ಞ ಪಾಲ್ ನೇಷನ್ ಬಳಕೆಗೆ ತಂದ ಕ್ರಮ ಇದು. ಮೊದಲ ಸಲ ಏನು ಹೇಳಬೇಕು ಎಂದು ಹುಡುಕುವುದರಲ್ಲೇ ಗಮನ ಹೋಗುತ್ತದೆ. ಮೂರನೆಯ ಸಲಕ್ಕೆ ವಿಷಯ ಕೈಯಲ್ಲಿರುತ್ತದೆ, ಗಮನ ಮಾತಿನ ಓಟದ ಮೇಲೆ ನಿಲ್ಲುತ್ತದೆ. ನಾಲ್ಕು ನಿಮಿಷ ಉದ್ದವಾದರೆ ಮೂರು, ಎರಡು, ಒಂದು ಎಂದು ಇಟ್ಟುಕೊಳ್ಳಿ.

ಕೆಡುವುದು ಎರಡು ಕಡೆ. ಕೇಳುವವರನ್ನು ಬದಲಿಸದಿದ್ದರೆ ಎರಡನೆಯ ಸಲ ಹೇಳಲು ಕಾರಣವೇ ಇರುವುದಿಲ್ಲ, ಮಾತು ಸಾಯುತ್ತದೆ. ಪುಟವನ್ನು ಬಾಯಿಪಾಠ ಮಾಡಿಕೊಂಡು ಬಂದರೆ ಒಂದು ಪದ ಜಾರಿದ ಕೂಡಲೇ ಎಲ್ಲವೂ ನಿಲ್ಲುತ್ತದೆ. ಅದಕ್ಕೇ ಐದು ಪದಗಳ ಮಿತಿ. ಬೆಂಚು ಅಲುಗಾಡದ ತರಗತಿಯಲ್ಲಾದರೆ ಒಂದು ಬಿಟ್ಟು ಒಂದು ಸಾಲಿನವರು ಹಿಂದಕ್ಕೆ ತಿರುಗಿ ಕೂರಲಿ, ಪ್ರತಿ ಸುತ್ತಿಗೆ ಅವರು ಒಂದು ಸ್ಥಾನ ಎಡಕ್ಕೆ ಸರಿದರೆ ಸಾಕು. ಗದ್ದಲ ಆಗಿಯೇ ಆಗುತ್ತದೆ. ಪಕ್ಕದ ತರಗತಿಯವರಿಗೆ ಮುಂಚೆಯೇ ಹೇಳಿಡುವುದು ಒಳ್ಳೆಯದು.

ಪ್ರಶ್ನೆ: ಪ್ರಾಜೆಕ್ಟ್ ಕೊಡಿ ಎನ್ನುತ್ತೀರಿ. ಮಂಗಳೂರಿನಲ್ಲಿ ಮಕ್ಕಳು ಹೊರಗೆ ಹೋದರೆ ಮಾತಾಡುವುದು ತುಳು, ಕೊಂಕಣಿ, ಬ್ಯಾರಿ, ಕನ್ನಡ. ಇಂಗ್ಲಿಷ್ ಎಲ್ಲಿ ಬೇಕಾಗುತ್ತದೆ ಮಾರಾಯ್ರೆ? ಕೊನೆಗೆ ನಾಲ್ಕು ಜನರ ಗುಂಪಿನಲ್ಲಿ ಒಬ್ಬಳು ಪಿಪಿಟಿ ಓದುತ್ತಾಳೆ, ಉಳಿದವರು ನಿಂತಿರುತ್ತಾರೆ.
– ಉಪನ್ಯಾಸಕ, ಮಂಗಳೂರು

ಉತ್ತರ: ನಿಮ್ಮ ಆಕ್ಷೇಪ ಸರಿ. ಹಾಗಾಗಿ ಮಾಹಿತಿ ತುಳುವಿನಲ್ಲೋ ಕನ್ನಡದಲ್ಲೋ ಬರಲಿ, ಹೋಗುವುದು ಮಾತ್ರ ಆ ಭಾಷೆಗಳು ಬಾರದವರ ಬಳಿಗೆ ಇಂಗ್ಲಿಷಿನಲ್ಲಿ ಹೋಗಲಿ. ಮಣಿಪಾಲ, ದೇರಳಕಟ್ಟೆ, ಕೊಣಾಜೆಗಳಲ್ಲಿ ಕನ್ನಡ ತುಳು ಎರಡೂ ಬಾರದ ವಿದ್ಯಾರ್ಥಿಗಳು ಬೇಕಾದಷ್ಟಿದ್ದಾರೆ. ಐದಾರು ಮಂದಿಯನ್ನು ಕೊನೆಯ ದಿನ ಕೇಳುಗರಾಗಿ ಕರೆಯಿರಿ. ಅವರು ಸಿಗದಿದ್ದರೆ ಬೇರೆ ವಿಭಾಗದವರೂ ಆದೀತು, ಆದರೆ ಇಂಗ್ಲಿಷ್ ಬೇಕೇಬೇಕು ಎಂಬ ಒತ್ತಡ ಕಡಿಮೆಯಾಗುತ್ತದೆ.

ಮಂಗಳೂರು ಹಂಚನ್ನೇ ವಿಷಯವಾಗಿ ಇಟ್ಟುಕೊಂಡು ನೋಡೋಣ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಲ್ಲಿಂದ ಶುರುವಾದ ಕಥೆ. ನಾಲ್ಕು ವಾರ, ನಾಲ್ಕು ಜನ. ಮೊದಲ ವಾರ ಒಬ್ಬೊಬ್ಬರಿಗೆ ಒಂದೊಂದು ಪಾಲು: ಆವೆಮಣ್ಣು, ಅಚ್ಚು ಮತ್ತು ಸುಡುವ ಕೆಲಸ, ಮನೆಯ ಮಾಡಿಗೆ ಹೊದಿಸುವ ಕೆಲಸ, ಹಂಚು ಹೋಗಿ ಕಾಂಕ್ರೀಟ್ ತಾರಸಿ ಬಂದ ಬಗೆ. ಪ್ರತಿಯೊಬ್ಬರೂ ತಮ್ಮ ಪಾಲಿಗೆ ಆರು ಪ್ರಶ್ನೆ ಬರೆಯಬೇಕು. ಎರಡನೆಯ ವಾರ ಅನುಮತಿ ಕೇಳಿಕೊಂಡು ಹೋಗಿ, ಹಂಚು ಹೊದಿಸುವ ಮೇಸ್ತ್ರಿಯೊಡನೆಯೋ ಹಳೆಯ ಕೆಲಸಗಾರರೊಡನೆಯೋ ಮಾತಾಡಿ, ಅದೇ ರಾತ್ರಿ ಜರ್ನಲಿನಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು. ಮರುದಿನಕ್ಕೆ ಬಿಟ್ಟರೆ ಬರೆಯುವುದು ಸಾರಾಂಶ, ವಿವರ ಹೋಗಿರುತ್ತದೆ.

ಮೂರನೆಯ ವಾರ ಮುಖ್ಯ. ಒಬ್ಬರ ಪಾಲು ಇನ್ನೊಬ್ಬರಿಗೆ ಗೊತ್ತಿರಬಾರದು. ಬರೆದುಕೊಟ್ಟು ಹಂಚಿಕೊಳ್ಳುವಂತಿಲ್ಲ, ಕೇಳಿಯೇ ತಿಳಿಯಬೇಕು. ನಾಲ್ಕೂ ಪಾಲು ಸೇರಿದರೆ ಮಾತ್ರ ತುಂಬುವ ಒಂದು ಹಾಳೆ ಕೊಡಿ. ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆದ, ಚಟುವಟಿಕೆಯ ಮೂಲಕ ಇಂಗ್ಲಿಷ್ ಕಲಿಸುವ ಪ್ರಯೋಗವಾದ ‘ಬೆಂಗಳೂರು ಪ್ರಾಜೆಕ್ಟ್’ ಬಳಸಿದ ಚಟುವಟಿಕೆಗಳಲ್ಲಿ ಇಂಥದ್ದೂ ಒಂದು ಬಗೆ: ಒಬ್ಬರಲ್ಲಿರುವ ಮಾಹಿತಿ ಇನ್ನೊಬ್ಬರಲ್ಲಿಲ್ಲ, ಹಾಗಾಗಿ ಮಾತಾಡಲೇಬೇಕು. ಗುಂಪಿನಲ್ಲಿ ಒಬ್ಬಳೇ ಮಾತಾಡುವ ತೊಂದರೆ ನಿಲ್ಲುವುದೂ ಇದರಿಂದಲೇ. ಅವಳ ಬಳಿ ಕಾಲು ಭಾಗ ಮಾತ್ರ ಇದೆ.

ಇಲ್ಲಿ ಹುಡುಗರು ಸಿಕ್ಕಿಬೀಳುವುದು ರೀಪು, ಪಕ್ಕಾಸು (ಹಂಚಿನ ಮಾಡಿನ ಮರದ ಭಾಗಗಳು) ಎಂಬಲ್ಲಿ. ಇಂಗ್ಲಿಷ್ ಪದ ಗೊತ್ತಿರುವುದಿಲ್ಲ. ಕೂಡಲೇ ಹೇಳಿಕೊಡಬೇಡಿ ಸರ್. ‘ದಿ ಥಿನ್ ವುಡನ್ ಸ್ಟ್ರಿಪ್ ದಟ್ ಹೋಲ್ಡ್ಸ್ ದಿ ಟೈಲ್’ ಎಂದು ಅವನೇ ಸುತ್ತಿ ಬಳಸಿ ಹೇಳಲಿ, ಕೈಯಲ್ಲಿ ತೋರಿಸಲಿ. ಪದ ಗೊತ್ತಿಲ್ಲದೆಯೂ ಮಾತು ನಿಲ್ಲಿಸದೆ ದಾಟುವುದು ಸಂಭಾಷಣೆಗೆ ಬೇಕಾದ ಕೌಶಲಗಳಲ್ಲೇ ದೊಡ್ಡದು, ಮತ್ತು ಅದನ್ನು ಪಠ್ಯದಿಂದ ಕಲಿಸಲಾಗದು. ‘ಕುಡ್ ಯು ಸೇ ದಟ್ ಅಗೇನ್?’, ‘ಡು ಯು ಮೀನ್...?’, ‘ಐ ಡೋಂಟ್ ನೋ ದಿ ವರ್ಡ್, ಬಟ್...’ ಎಂಬಂಥ ಏಳೆಂಟು ವಾಕ್ಯಗಳನ್ನು ಮಾತ್ರ ಮುಂಚಿತವಾಗಿ ರೂಢಿ ಮಾಡಿಸಿ.

ನಾಲ್ಕನೆಯ ವಾರ ಪಿಪಿಟಿ ಬೇಡ. ಒಂದು ಹಂಚನ್ನೇ ಮೇಜಿನ ಮೇಲಿಡಿ, ಬೇಕಾದರೆ ಅಕ್ಷರವಿಲ್ಲದ ಐದು ಫೋಟೊ. ಒಬ್ಬೊಬ್ಬರಿಗೆ ಎರಡು ನಿಮಿಷ ಹೇಳಲು, ನಾಲ್ಕು ನಿಮಿಷ ಪ್ರಶ್ನೆಗೆ ಉತ್ತರಿಸಲು. ಹೇಳುವುದಕ್ಕೆ ತಯಾರಿ ಮಾಡಬಹುದು, ಪ್ರಶ್ನೆಗೆ ಮಾಡಲಾಗದು. ಸಂಭಾಷಣೆ ನಡೆಯುವುದು ಆ ನಾಲ್ಕು ನಿಮಿಷಗಳಲ್ಲಿ.

ಪ್ರಶ್ನೆ: ಗುಂಪಿನಲ್ಲಿ ತುಳು ಮಾತಾಡಿದರೆ ಹತ್ತು ರೂಪಾಯಿ ದಂಡ ಹಾಕುತ್ತಿದ್ದೇವೆ. ಪರಿಣಾಮ ಕಾಣುತ್ತಿಲ್ಲ.
– ಉಪನ್ಯಾಸಕ, ಸುರತ್ಕಲ್

ಉತ್ತರ: ದಂಡ ನಿಲ್ಲಿಸಿ. ದಂಡಕ್ಕೆ ಹೆದರಿದವರು ಇಂಗ್ಲಿಷ್ ಮಾತಾಡುವುದಿಲ್ಲ, ಸುಮ್ಮನಾಗುತ್ತಾರೆ. ಮನೆಮಾತಿಗೆ ಅವಮಾನ ಆಗುವುದಂತೂ ಬೇರೆ. ಯಾರು ಎಲ್ಲಿಗೆ ಹೋಗಬೇಕು, ಯಾರು ಏನು ತರಬೇಕು ಎಂಬ ಯೋಜನೆ ತುಳುವಿನಲ್ಲೇ ನಡೆಯಲಿ. ಇಂಗ್ಲಿಷಿಗೆಂದು ಗೊತ್ತುಮಾಡಿದ 15 ನಿಮಿಷ ಮಾತ್ರ ಬಿಗಿಯಾಗಿ ಪಾಲಿಸಿ.

ಪ್ರಶ್ನೆ: ಜರ್ನಲನ್ನು ಮೊಬೈಲಿನ ಎಐಯಿಂದ ಬರೆಸಿ ತರುತ್ತಾರೆ. ಹಿಡಿಯುವುದು ಹೇಗೆ?
– ಅತಿಥಿ ಉಪನ್ಯಾಸಕಿ, ಮಣಿಪಾಲ

ಉತ್ತರ: ಹಿಡಿಯಲು ಹೋಗಬೇಡಿ, ಕಾರಣ ತೆಗೆಯಿರಿ. ತಪ್ಪಿಲ್ಲದ ಭಾಷೆಗೆ ಅಂಕ ಇದ್ದರೆ ತಪ್ಪಿಲ್ಲದ ಭಾಷೆ ಎಲ್ಲಿ ಸಿಗುತ್ತದೋ ಅಲ್ಲಿಂದ ತರುತ್ತಾರೆ. ಎಷ್ಟು ವಾರ ಬರೆದರು ಎಂಬ ಲೆಕ್ಕಕ್ಕೆ ಅಂಕ ಇರಲಿ, ಬರವಣಿಗೆ ತರಗತಿಯಲ್ಲೇ ಆಗಲಿ. ‘ಪರಿಸರ ಮಾಲಿನ್ಯ’ದಂಥ ವಿಷಯ ಕೊಡಲೇಬೇಡಿ. ಇವತ್ತು ಬಸ್ಸಿನಲ್ಲಿ ಪಕ್ಕ ಕುಳಿತವರು ಯಾರು, ಏನು ಮಾತಾಡುತ್ತಿದ್ದರು ಎಂದು ಕೇಳಿ. ಪ್ರಾಜೆಕ್ಟಿನ ರಾತ್ರಿಯ ಬರಹವೊಂದು ಮನೆಯಲ್ಲಿ ಆಗುತ್ತದೆ. ಅದನ್ನು ಮರುದಿನ ಪುಸ್ತಕ ಮಡಚಿ ಐದು ಪದ ಹಿಡಿದು ಹೇಳಬೇಕೆಂದಿದ್ದರೆ, ತಾನು ಬರೆಯದ್ದನ್ನು ಹೇಳುವುದು ಕಷ್ಟ ಎಂದು ಅವರಿಗೇ ತಿಳಿಯುತ್ತದೆ.

ಪ್ರಶ್ನೆ: ಇದಕ್ಕೆಲ್ಲ ಆಂತರಿಕ ಅಂಕ ಹೇಗೆ ಕೊಡುವುದು? ಸುಧಾರಣೆ ಆಗಿದೆ ಎಂದು ತೋರಿಸುವುದು ಹೇಗೆ?
– ವಿಭಾಗ ಮುಖ್ಯಸ್ಥೆ, ಕುಂದಾಪುರ

ಉತ್ತರ: 20 ಅಂಕ ಇದ್ದರೆ 8 ಜರ್ನಲ್ ತಪ್ಪದೆ ಬರೆದದ್ದಕ್ಕೆ, 8 ಪ್ರಾಜೆಕ್ಟಿನ ಪ್ರಶ್ನೋತ್ತರಕ್ಕೆ, 4 ಸ್ವಂತ ಧ್ವನಿಮುದ್ರಣಕ್ಕೆ ಎಂಬ ಹಂಚಿಕೆ ನಮಗೆ ನ್ಯಾಯ ಅನ್ನಿಸುತ್ತದೆ. ಪ್ರಶ್ನೋತ್ತರದಲ್ಲಿ ವ್ಯಾಕರಣ ನೋಡುವ ಮುಂಚೆ ಮೂರು ನೋಡಿ: ಕೇಳಿದ್ದಕ್ಕೆ ಉತ್ತರ ಬಂತೇ, ತಿಳಿಯದಿದ್ದಾಗ ಮತ್ತೆ ಕೇಳಿದರೇ, ಪದ ಸಿಗದಲ್ಲಿ ದಾಟಿದರೇ.

ಧ್ವನಿಮುದ್ರಣಕ್ಕೆ ಮೊದಲ ವಾರ ಪ್ರತಿಯೊಬ್ಬರೂ ‘ನನ್ನ ಊರು’ ಎಂದು ತಯಾರಿಯಿಲ್ಲದೆ ಒಂದು ನಿಮಿಷ ಮೊಬೈಲಿನಲ್ಲಿ ಮಾತಾಡಿ ಇಟ್ಟುಕೊಳ್ಳಲಿ. 12ನೆಯ ವಾರ ಅದೇ ವಿಷಯ, ಅದೇ ಒಂದು ನಿಮಿಷ. ಎರಡನ್ನೂ ಕೇಳಿ ಒಟ್ಟು ಪದ ಎಷ್ಟು, ಎರಡು ಸೆಕೆಂಡಿಗಿಂತ ಉದ್ದದ ಮೌನ ಎಷ್ಟು ಸಲ ಎಂದು ವಿದ್ಯಾರ್ಥಿಯೇ ಎಣಿಸಿ ಜರ್ನಲಿನ ಕೊನೆಯ ಪುಟದಲ್ಲಿ ಬರೆಯಲಿ. ಕಡತದ ಹೆಸರಿನಲ್ಲಿ ರೋಲ್ ನಂಬರ್ ಮತ್ತು ತಾರೀಕು ಹಾಕಿಸಿ, ಒಂದು ಪ್ರತಿ ವಿಭಾಗದ ಕಂಪ್ಯೂಟರಿನಲ್ಲೂ ಇರಲಿ. ಮೂರು ತಿಂಗಳಲ್ಲಿ ಫೋನ್ ಬದಲಾಗುವುದು, ಮುದ್ರಣ ಅಳಿಸಿಹೋಗುವುದು ಸಾಮಾನ್ಯ.