ಪ್ರೌಢಶಾಲೆಯ ಕಟ್ಟಡದಲ್ಲೇ 3–5 ವರ್ಷದ ಮಕ್ಕಳಿಗೆ ಸರ್ಕಾರಿ ಶಿಶುತರಗತಿ ನಡೆಸಬಹುದೇ? ಯಾವುದಕ್ಕೆ ಗಮನ ಕೊಡಬೇಕು?

ಖಂಡಿತ ನಡೆಸಬಹುದು. ಆದರೆ ಖಾಲಿ ಇರುವ ಕೊಠಡಿಯೆಲ್ಲ ಇದಕ್ಕೆ ಆಗುವುದಿಲ್ಲ. ನೆಲಮಹಡಿಯಲ್ಲಿರಬೇಕು, ನೇರವಾಗಿ ಹೊರಗೆ ಹೋಗುವ ಬಾಗಿಲಿರಬೇಕು, ಶೌಚಾಲಯ ಒಳಗೇ ಇರಬೇಕು.

ಎಡವಟ್ಟಾಗುವುದು ಹೆಚ್ಚಾಗಿ ಶೌಚಾಲಯದಲ್ಲೇ. ದೊಡ್ಡವರ ಕಮೋಡು ಸುಮಾರು 40 ಸೆಂ.ಮೀ. ಎತ್ತರ. ಮೂರು ವರ್ಷದ ಮಗು ಅದರ ಮೇಲೆ ಕೂತರೆ ಕಾಲು ನೇತಾಡುತ್ತದೆ. ಬೀಳುವ ಭಯಕ್ಕೆ ಎರಡೂ ಕೈಯಲ್ಲಿ ಅಂಚು ಬಿಗಿಹಿಡಿದು ಮೂತ್ರ ತಡೆದುಕೊಳ್ಳುತ್ತದೆ, ಆಮೇಲೆ ಆಟದ ನಡುವೆ ಚಡ್ಡಿ ಒದ್ದೆ. 28–30 ಸೆಂ.ಮೀ. ಎತ್ತರದ ಚಿಕ್ಕ ಕಮೋಡು ಹಾಕಿಸಿ. ಆಗದಿದ್ದರೆ ಚಿಕ್ಕ ಸೀಟು, ಕಾಲಿಡಲು ಅಲುಗಾಡದ ಮೆಟ್ಟಿಲು. ಕೈತೊಳೆಯುವ ಬೇಸಿನ್ನಿಗೂ ಅಂಥದೇ ಮೆಟ್ಟಿಲು ಬೇಕು.

ಪಿರಿಯಡ್ ಬದಲಾಗುವಾಗ ಕಾರಿಡಾರಿನಲ್ಲಿ ದೊಡ್ಡ ಹುಡುಗರ ನುಗ್ಗಾಟ ಇರುತ್ತದೆ. ಪುಟ್ಟವರನ್ನು ಬಿಡುವ, ಕರೆದೊಯ್ಯುವ ಹೊತ್ತು ಅದಕ್ಕಿಂತ 15–20 ನಿಮಿಷ ಆಚೀಚೆ ಇರಲಿ. ಗಂಟೆಯ ಸ್ಪೀಕರನ್ನು ಆ ಕೊಠಡಿಯಲ್ಲಿ ಆಫ್ ಮಾಡಿಸಿ, ಇಲ್ಲವಾದರೆ ಮಧ್ಯಾಹ್ನದ ನಿದ್ದೆ ಕೆಡುತ್ತದೆ. ಬೆಂಕಿಯ ಅಲಾರಂ ಮಾತ್ರ ಮುಟ್ಟಬೇಡಿ.

20 ಮಕ್ಕಳಿಗೆ ಕನಿಷ್ಠ ಇಬ್ಬರು ತರಬೇತಿ ಪಡೆದ ದೊಡ್ಡವರು ಬೇಕು. ಹೈಸ್ಕೂಲ್ ವಿದ್ಯಾರ್ಥಿಗಳು ಕಥೆ ಓದಿ ಹೇಳಲು ಬರುವುದು ಈ ವ್ಯವಸ್ಥೆಯ ದೊಡ್ಡ ಲಾಭ, ನಿಜ. ಆದರೂ ಅವರನ್ನು ಆ ಲೆಕ್ಕಕ್ಕೆ ಸೇರಿಸಬಾರದು, ಮಕ್ಕಳ ಜೊತೆ ಅವರನ್ನಷ್ಟೇ ಬಿಡಲೂಬಾರದು. ದಿನಕ್ಕೊಂದು ಹೊಸ ಮುಖ ಬಂದರೆ ಚಿಕ್ಕವರು ಒಗ್ಗುವುದಿಲ್ಲ. ಅದೇ ಮೂರು-ನಾಲ್ಕು ಜನ, ವಾರಕ್ಕೆರಡು ದಿನ, ಇಡೀ ವರ್ಷ ಬರಲಿ.

ಬಾಸ್ಕೆಟ್‌ಬಾಲ್ ಅಂಗಳವನ್ನೇ ಆಟದ ಜಾಗ ಎಂದು ತೋರಿಸಿದರೆ ಒಪ್ಪಬೇಡಿ. ಬೇಲಿ ಹಾಕಿದ ಪ್ರತ್ಯೇಕ ಮೂಲೆ, ಮರಳು, ನೆರಳು ಕೇಳಿ.