ಮೂತ್ರಕೋಶದ ಕ್ಯಾನ್ಸರ್: ವೈದ್ಯರಿರುವಾಗ ರೋಗಿಗಳ ಸಂಘ ಏಕೆ?

ಪ್ರಶ್ನೆ: ನನ್ನ ಮಾವನವರಿಗೆ 66 ವರ್ಷ, ಬಹುಕಾಲ ಬೀಡಿ ಸೇದಿದವರು. ಮೂತ್ರದಲ್ಲಿ ರಕ್ತ ಕಂಡು ಮಂಗಳೂರಿನಲ್ಲಿ ಪರೀಕ್ಷಿಸಿದಾಗ ಮೂತ್ರಕೋಶದ ಕ್ಯಾನ್ಸರ್ ಎಂದು ತಿಳಿಯಿತು. ಗಡ್ಡೆ ತೆಗೆದ ಮೇಲೆ ವಾರಕ್ಕೊಮ್ಮೆಯಂತೆ ಆರು ಬಾರಿ ಮೂತ್ರಕೋಶದೊಳಗೆ ಬಿಸಿಜಿ (ಕ್ಷಯದ ಲಸಿಕೆಯಾಗಿಯೂ ಬಳಸುವ ಔಷಧ) ಹಾಕಿಸಲು ಹೇಳಿದ್ದಾರೆ. ರೋಗಿಗಳ ಸಂಘವನ್ನು ಸಂಪರ್ಕಿಸುವಂತೆ ನರ್ಸ್ ಒಬ್ಬರು ಸೂಚಿಸಿದರು. ಒಳ್ಳೆಯ ವೈದ್ಯರಿರುವಾಗ ಅದು ಬೇಕೇ? ಮಾವನವರಿಗೆ ಕಾಯಿಲೆಯ ವಿಷಯ ಹೊರಗೆ ತಿಳಿಯುವುದು ಇಷ್ಟವಿಲ್ಲ.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಬೇಕು. ಈ ಕ್ಯಾನ್ಸರ್ ಮರುಕಳಿಸುವ ಸ್ವಭಾವದ್ದಾದುದರಿಂದ, ಗಡ್ಡೆಯನ್ನು ಪೂರ್ತಿ ತೆಗೆದ ಮೇಲೂ ಮೊದಮೊದಲು ಸುಮಾರು ಮೂರು ತಿಂಗಳಿಗೊಮ್ಮೆ ಮೂತ್ರಕೋಶದೊಳಗೆ ನಳಿಗೆ ಹಾಯಿಸಿ ನೋಡಬೇಕಾಗುತ್ತದೆ, ಮತ್ತು ಈ ತಪಾಸಣೆ ವರ್ಷಗಟ್ಟಲೆ ನಡೆಯುತ್ತದೆ. ಅಪಾಯ ಹೆಚ್ಚಿರುವವರಲ್ಲಿ ಬಿಸಿಜಿಯೂ ಆರು ವಾರಗಳಿಗೆ ನಿಲ್ಲದೆ, ನಡುನಡುವೆ ಬಿಡುವು ಕೊಟ್ಟು ಒಂದರಿಂದ ಮೂರು ವರ್ಷ ಮುಂದುವರಿಯುವುದುಂಟು. ಔಷಧ ಹಾಕಿಸಿದ ರಾತ್ರಿಯ ಉರಿ, ಬಸ್ಸಿನಲ್ಲಿ ಕುಳಿತಾಗ ತಡೆಯಲಾಗದ ಮೂತ್ರದ ಅವಸರ ಇವುಗಳನ್ನು ವೈದ್ಯರ ಮುಂದೆ ಹೇಳಲು ಸಂಕೋಚಪಡುವವರೂ ಅದನ್ನೆಲ್ಲ ಅನುಭವಿಸಿದವರೊಡನೆ ಮನಬಿಚ್ಚಿ ಮಾತನಾಡುತ್ತಾರೆ. ಇದಕ್ಕಾಗಿ ಊರಿಗೆ ತಿಳಿಸಬೇಕಾಗಿಲ್ಲ. ಅಂಥ ಒಬ್ಬರೊಡನೆ ಫೋನಿನಲ್ಲಿ ಮಾತನಾಡಿದರೂ ಮಾವನವರಿಗೆ ಧೈರ್ಯ ಬಂದೀತು. ಆದರೆ ತೀವ್ರ ಜ್ವರ ಬಂದರೆ ಯಾರ ಸಲಹೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಯಾವ ಪ್ರಶ್ನೆ ಕೇಳಬೇಕೆಂಬುದನ್ನೂ ಒಳ್ಳೆಯ ಸಂಘಗಳು ಕಲಿಸುತ್ತವೆ. ಪರೀಕ್ಷೆಗೆ ಕಳುಹಿಸಿದ ತುಣುಕಿನಲ್ಲಿ ಮೂತ್ರಕೋಶದ ಗೋಡೆಯ ಸ್ನಾಯುವಿನ ಪದರ ಇತ್ತೇ, ಗಡ್ಡೆ ಅದರೊಳಗೆ ಇಳಿದಿದೆಯೇ, ಇನ್ನೊಮ್ಮೆ ಕೆರೆದು ನೋಡುವ ಅಗತ್ಯವಿದೆಯೇ ಎಂದು ನೀವೂ ಕೇಳಿ; ಮುಂದಿನ ಚಿಕಿತ್ಸೆಯೆಲ್ಲ ಈ ಉತ್ತರಗಳನ್ನು ಅವಲಂಬಿಸಿದೆ. ಮೂತ್ರಕೋಶವನ್ನೇ ತೆಗೆಯಬೇಕಾಗಿ ಬಂದು, ಹೊಟ್ಟೆಯ ಮೇಲೆ ಮೂತ್ರದ ಚೀಲ ಧರಿಸಬೇಕಾದವರಿಗಂತೂ, ಅದನ್ನು ಧರಿಸಿಯೇ ತೋಟದ ಕೆಲಸ ಮಾಡುವವರೊಬ್ಬರನ್ನು ಕಾಣುವುದು ಯಾವ ಕರಪತ್ರಕ್ಕಿಂತಲೂ ಮೇಲು. ಮುಂಬಯಿಯ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇಂಥವರಿಗೆಂದೇ ಇರುವ ಸಂಸ್ಥೆ. ಅಮೆರಿಕದಲ್ಲಿ 2005ರಲ್ಲಿ ಆರಂಭವಾದ ಬ್ಲ್ಯಾಡರ್ ಕ್ಯಾನ್ಸರ್ ಅಡ್ವೊಕೆಸಿ ನೆಟ್‌ವರ್ಕ್ ರೋಗಿಗಳಿಗೆ ಮಾಹಿತಿ ಕೊಡುವುದರ ಜೊತೆಗೆ ಸಂಶೋಧನೆಗೂ ಧನಸಹಾಯ ನೀಡುತ್ತದೆ.

ಕಾಸರಗೋಡಿನವರಿಗೆ ಹತ್ತಿರದ ಆಸರೆಯೆಂದರೆ ಪಂಚಾಯತಿನ ಪಾಲಿಯೇಟಿವ್ (ನೋವು-ಸಂಕಟ ತಗ್ಗಿಸುವ ಆರೈಕೆಯ) ಘಟಕ. ಅದು ಕೊನೆಗಾಲದವರಿಗೆ ಮಾತ್ರವೆಂಬ ತಪ್ಪು ಭಾವನೆಯಿಂದ ಅನೇಕರು ದೂರ ಉಳಿಯುವುದು ನನಗೆ ನೋವಿನ ವಿಷಯ. ಮನೆಗೆ ಬರುವ ನರ್ಸ್ ಅಗತ್ಯವಿದ್ದರೆ ಕ್ಯಾತಿಟರ್ (ಮೂತ್ರ ಹೊರಹರಿಸುವ ನಳಿಗೆ) ನೋಡಿಕೊಳ್ಳುತ್ತಾರೆ. ಮಲಯಾಳದ ಅರ್ಜಿಗಳನ್ನು ತುಂಬಲು ಅಲ್ಲಿನ ಕಾರ್ಯಕರ್ತರ ನೆರವು ಕೇಳಬಹುದು. ಬಿಸಿಜಿ ನಿಲ್ಲಿಸಿ ತಮ್ಮ ಪುಡಿಯನ್ನೋ ಕಷಾಯವನ್ನೋ ಕೊಳ್ಳಿರೆನ್ನುವ ಗುಂಪು ಸಿಕ್ಕರೆ ಆ ಕ್ಷಣವೇ ಬಿಟ್ಟುಬಿಡಿ. ಮಾವನವರ ಬೀಡಿಯೂ ಈಗಲೇ ನಿಲ್ಲಬೇಕು, ಏಕೆಂದರೆ ಗಡ್ಡೆ ಮರಳುವ ಅಪಾಯವನ್ನು ಅದು ಹೆಚ್ಚಿಸುತ್ತದೆ. ಬಿಡಿಸುವ ಚಿಕಿತ್ಸೆಯ ಬಗ್ಗೆ ಮುಂದಿನ ಭೇಟಿಯಲ್ಲೇ ವಿಚಾರಿಸಿ.